ಲೈಫ್‌ಟೈಮ್ ಅಲೈನ್‌ಮೆಂಟ್ ಪ್ಲಾನ್ ಕೊಳ್ಳಬೇಕೆ? ಅಮೆರಿಕದಲ್ಲಿ ಕಾರು ಇಟ್ಟುಕೊಂಡಿರುವವರು ಅನುಭವ ತಿಳಿಸಿ

ಪ್ರಶ್ನೆ: ಫಾರ್ಮಿಂಗ್ಟನ್ ಹಿಲ್ಸ್, ಮಿಶಿಗನ್

ಎಲ್ಲರಿಗೂ ನಮಸ್ಕಾರ. ನಮ್ಮದು 2016ರ ಹೋಂಡಾ ಸಿಆರ್-ವಿ, 1,08,000 ಮೈಲಿ ಓಡಿದೆ. ಕಳೆದ ವಾರ 760 ಡಾಲರ್ ಕೊಟ್ಟು ನಾಲ್ಕೂ ಟೈರು ಬದಲಿಸಿದೆ. ಒಂದು ಸಲದ ಅಲೈನ್‌ಮೆಂಟ್‌ಗೆ (ಚಕ್ರಗಳ ಕೋನ ಸರಿಪಡಿಸುವ ಕೆಲಸಕ್ಕೆ) 119 ಡಾಲರ್, ಕಾರು ನಮ್ಮ ಬಳಿ ಇರುವವರೆಗೂ ಎಷ್ಟು ಸಲ ಬೇಕಾದರೂ ಮಾಡಿಕೊಡುವ ಲೈಫ್‌ಟೈಮ್ ಪ್ಲಾನ್‌ಗೆ 219 ಡಾಲರ್ ಎಂದು ಅಂಗಡಿಯವರು ಹೇಳಿದರು. ಇನ್ನೆರಡು ವರ್ಷದಲ್ಲಿ ಮಗಳು ಕಾಲೇಜಿಗೆ ಸೇರಿದ ಮೇಲೆ ಕಾರನ್ನು ಮಾರುವ ಆಲೋಚನೆ ಇದೆ. ಯೋಚಿಸಿ ಬರುತ್ತೇನೆಂದು ಹೇಳಿ ಬಂದಿದ್ದೇನೆ. ತೆಗೆದುಕೊಂಡವರೂ ಬೇಡವೆಂದವರೂ ದಯವಿಟ್ಟು ತಿಳಿಸಬೇಕು.

ಟ್ರಾಯ್, ಮಿಶಿಗನ್‌ನಿಂದ

ಯೋಚನೆಯೇ ಬೇಡ, ತೆಗೆದುಕೊಳ್ಳಿ. ನಾನು 2013ರ ಕ್ಯಾಮ್ರಿಗೆ 2017ರ ಏಪ್ರಿಲ್‌ನಲ್ಲಿ 179 ಡಾಲರ್ ಕೊಟ್ಟು ಪ್ಲಾನ್ ಮಾಡಿಸಿದೆ. ಅಂದಿನಿಂದ 2024ರ ಕೊನೆಯವರೆಗೆ ಹನ್ನೊಂದು ಸಲ ಹೋಗಿದ್ದೇನೆ. ಚಕ್ರಗಳ ಅಳತೆಯ ಹನ್ನೊಂದು ಪ್ರಿಂಟುಗಳೂ ಗ್ಲವ್ ಬಾಕ್ಸಿನಲ್ಲಿ ದಿನಾಂಕದ ಪ್ರಕಾರ ಜೋಡಿಸಿಟ್ಟಿವೆ. ಆಗ ಒಂದು ಸಲಕ್ಕೆ 89 ಡಾಲರ್ ಇತ್ತು, ಈಗ 119 ಆಗಿದೆ. ಸರಾಸರಿ ನೂರು ಎಂದು ಹಿಡಿದರೂ 1,100 ಡಾಲರಿನ ಕೆಲಸ 179ಕ್ಕೆ ಆಗಿದೆ.

ನಮ್ಮ ಕಡೆಯ ರಸ್ತೆಯನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಬಿರುಕಿನೊಳಗೆ ಇಳಿದ ನೀರು ರಾತ್ರಿ ಹೆಪ್ಪುಗಟ್ಟಿ ಹಿಗ್ಗುತ್ತದೆ, ಹಗಲು ಕರಗುತ್ತದೆ, ಮತ್ತೆ ಹೆಪ್ಪುಗಟ್ಟುತ್ತದೆ. ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ನಿನ್ನೆ ಇಲ್ಲದಿದ್ದ ಗುಂಡಿ ಇಂದು ಬಾಯಿ ತೆರೆದಿರುತ್ತದೆ. 2019ರ ಮಾರ್ಚ್‌ನಲ್ಲಿ ಐ-696 ಹೆದ್ದಾರಿಯಲ್ಲಿ ಎಡ ಮುಂದಿನ ಚಕ್ರ ಅಂಥದೊಂದು ಗುಂಡಿಗೆ ಬಿದ್ದಿತು. ರಿಮ್ ನೇರ ಮಾಡಿಸಲು 165 ಡಾಲರ್, ಪಕ್ಕ ಉಬ್ಬಿದ ಟೈರಿಗೆ 138 ಡಾಲರ್, ಅಲೈನ್‌ಮೆಂಟ್‌ಗೆ ಸೊನ್ನೆ. ಮುಂದಿನ ಎರಡು ಚಕ್ರಗಳು ತಲಾ 0.2 ಡಿಗ್ರಿ ಒಳಮುಖವಾಗಿ ನಿಂತಿವೆ ಎಂದು ಅಂದಿನ ಪ್ರಿಂಟು ತೋರಿಸಿತು. ಅಷ್ಟೇ ತಾನೇ ಎನಿಸಬಹುದು. ಲೆಕ್ಕ ಹಾಕಿ ನೋಡಿ: 0.2 ಡಿಗ್ರಿ ಎಂದರೆ ಪ್ರತಿ ಮೈಲಿಗೆ ಆ ಟೈರು ಸುಮಾರು 18 ಅಡಿ ಅಡ್ಡಕ್ಕೆ ಉಜ್ಜಿಕೊಂಡು ಹೋಗುತ್ತದೆ. ವರ್ಷಕ್ಕೆ 12,000 ಮೈಲಿ ಓಡಿಸುವವರು ತಮ್ಮ ಟೈರನ್ನು ನಲವತ್ತು ಮೈಲಿಗೂ ಹೆಚ್ಚು ದೂರ ಅಡ್ಡಡ್ಡ ಎಳೆದಂತಾಗುತ್ತದೆ. ಪ್ಲಾನ್ ಇಲ್ಲದವರು ನೂರು ಡಾಲರಿನ ಹಿಂಜರಿಕೆಯಲ್ಲಿ ಆರು ತಿಂಗಳು ಹಾಗೆಯೇ ಓಡಿಸಿ ಟೈರು ಕಳೆದುಕೊಳ್ಳುತ್ತಾರೆ. ನನಗೆ ಆ ಹಿಂಜರಿಕೆ ಇಲ್ಲ. ನಾನು ಕೊಟ್ಟ 179 ಡಾಲರ್ ಅದಕ್ಕೇ.

ಎಡಿಸನ್, ನ್ಯೂಜೆರ್ಸಿಯಿಂದ

ಟ್ರಾಯ್‌ನವರು ಪ್ಲಾನಿನ ಬೆಲೆ ಬರೆದರು, ಪ್ಲಾನಿನ ಹಿಂದೆ ಬರುವ ಬಿಲ್ಲುಗಳನ್ನು ಬರೆಯಲಿಲ್ಲ. ನಾನು ಬರೆಯುತ್ತೇನೆ.

2021ರಲ್ಲಿ 199 ಡಾಲರ್ ಕೊಟ್ಟೆ. ಮೊದಲ ಸಲ ಏನೂ ತೊಂದರೆಯಾಗಲಿಲ್ಲ. ಏಳು ತಿಂಗಳ ನಂತರ ಸ್ಟೀರಿಂಗ್ ಸ್ವಲ್ಪ ಓರೆಯಾಗಿದೆಯೆಂದು ಹೋದಾಗ, ಲೋಯರ್ ಕಂಟ್ರೋಲ್ ಆರ್ಮ್ ಬುಷ್ (ಚಕ್ರವನ್ನು ಕಾರಿನ ಚೌಕಟ್ಟಿಗೆ ಹಿಡಿಯುವ ತೋಳಿನ ರಬ್ಬರ್ ಕೀಲು) ಸವೆದಿದೆ, ಅದನ್ನು ಬದಲಿಸದೆ ಕಾರನ್ನು ಅಲೈನ್‌ಮೆಂಟ್‌ಗೆ ಹತ್ತಿಸುವುದಿಲ್ಲ ಎಂದರು. 640 ಡಾಲರ್. ಹಳೆಯ ಭಾಗಗಳನ್ನು ತೋರಿಸಿ ಎಂದು ಕೇಳಿದೆ. ಎಸೆದಾಯಿತು ಎಂಬ ಉತ್ತರ ಬಂತು. ಮೂರನೆಯ ಸಲ ಎರಡೂ ಕಡೆಯ ಹೊರ ಟೈ ರಾಡ್ (ಸ್ಟೀರಿಂಗಿನಿಂದ ಚಕ್ರವನ್ನು ತಿರುಗಿಸುವ ಸರಳು) ಸಡಿಲವಾಗಿವೆ, 380 ಡಾಲರ್ ಎಂದರು. ಆ ದಿನ ಒಪ್ಪಲಿಲ್ಲ. ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಹೋಗಿ, ಮುಕ್ಕಾಲು ಗಂಟೆಯ ಕೆಲಸ ಎಂಬ ಮಾತು ನಂಬಿ, ಮೂರೂವರೆ ಗಂಟೆ ಕುಳಿತು, ಅಲೈನ್‌ಮೆಂಟ್ ಇಲ್ಲದೆ ಹಿಂದಿರುಗಿದೆ. ಸೋಮವಾರ ಮನೆಯ ಹತ್ತಿರದ ಸಣ್ಣ ಗ್ಯಾರೇಜಿನವನು ಕಾರನ್ನು ಎತ್ತಿ, ಚಕ್ರವನ್ನು ಎರಡೂ ಪಕ್ಕದಿಂದ ಹಿಡಿದು ಅಲುಗಾಡಿಸಿ, ಟೈ ರಾಡಿನಲ್ಲಿ ಸಡಿಲವೇ ಇಲ್ಲವೆಂದು ನನ್ನ ಕೈಯಿಂದಲೇ ಪರೀಕ್ಷೆ ಮಾಡಿಸಿ ತೋರಿಸಿದ. ಅವನು 90 ಡಾಲರಿಗೆ ಅಲೈನ್‌ಮೆಂಟ್ ಮಾಡಿಕೊಟ್ಟ.

ಅದಾಗಿ ಎರಡು ತಿಂಗಳಿಗೆ ರೂಟ್ 1ರಲ್ಲಿ ಹಿಂದಿನಿಂದ ಬಂದ ಟ್ರಕ್ ಗುದ್ದಿತು. ಯಾರಿಗೂ ಪೆಟ್ಟಾಗಲಿಲ್ಲ, ಆದರೆ ವಿಮೆಯವರು ಕಾರನ್ನು ಪೂರ್ಣ ನಷ್ಟವೆಂದು ಬರೆದರು. ಹೊಸ ಕಾರಿಗೆ ಪ್ಲಾನ್ ಬದಲಿಸಿಕೊಡಿ ಎಂದು ಕೇಳಿದರೆ, ಅದು ಹಳೆಯ ಕಾರಿನ ವಿಐಎನ್ ಸಂಖ್ಯೆಗೆ (ಪ್ರತಿ ಕಾರಿಗೂ ಇರುವ ಗುರುತಿನ ಸಂಖ್ಯೆಗೆ) ಸೇರಿದ್ದು ಎಂದರು. 199 ಮತ್ತು 640 ಸೇರಿ 839 ಡಾಲರಿಗೆ ನನಗೆ ದಕ್ಕಿದ್ದು ಎರಡು ಅಲೈನ್‌ಮೆಂಟ್. ಮೈಸೂರಿನಲ್ಲಿ ನಮ್ಮ ತಂದೆಯವರು ಐದು ಸಾವಿರ ಕಿಲೋಮೀಟರಿಗೊಮ್ಮೆ ಕೆಲವೇ ನೂರು ರೂಪಾಯಿ ಕೊಟ್ಟು ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ (ಚಕ್ರದ ತೂಕ ಸುತ್ತಲೂ ಸಮ ಮಾಡುವುದು) ಎರಡನ್ನೂ ಕಣ್ಣೆದುರೇ ಮಾಡಿಸಿಕೊಂಡು ಬರುತ್ತಾರೆ.

ಟ್ರಾಯ್‌ನಿಂದ ಮತ್ತೆ

ಎಡಿಸನ್‌ನವರೇ, ತಮಗಾದ ನಷ್ಟಕ್ಕೆ ವಿಷಾದವಿದೆ. ಆದರೆ ಸವೆದ ಬುಷ್ ಇರುವ ಕಾರನ್ನು ಅಲೈನ್ ಮಾಡುವುದಿಲ್ಲ ಎಂದವರು ತಪ್ಪು ಮಾಡಲಿಲ್ಲ. ಬುಷ್ ಸಡಿಲವಿದ್ದರೆ ಹೊಂದಿಸಿದ ಕೋನ ಬ್ರೇಕ್ ಒತ್ತಿದ ಕೂಡಲೇ ಬದಲಾಗುತ್ತದೆ. ಅಂಥ ಕಾರಿಗೆ ಸುಮ್ಮನೆ ಅಲೈನ್‌ಮೆಂಟ್ ಮಾಡಿ ಕಳಿಸುವವನೇ ನಿಜವಾಗಿ ಮೋಸಗಾರ. ಮೈಸೂರಿನ ಕೂಲಿಯನ್ನೂ ನ್ಯೂಜೆರ್ಸಿಯ ಕೂಲಿಯನ್ನೂ ಹೋಲಿಸುವುದರಿಂದ ಪ್ರಶ್ನೆ ಕೇಳಿದವರಿಗೆ ಏನು ಪ್ರಯೋಜನ?

ಎಡಿಸನ್‌ನಿಂದ ಮತ್ತೆ

ಬುಷ್ ಸವೆದಿತ್ತೋ ಇಲ್ಲವೋ ಎಂಬುದನ್ನು ತಾವು ನೋಡಿಲ್ಲ, ನನಗೂ ತೋರಿಸಲಿಲ್ಲ. ನನ್ನ ದೂರು ಇಷ್ಟೇ. ಟೈ ರಾಡಿನ ವಿಷಯದಲ್ಲಿ ಸುಳ್ಳು ಹೇಳಿದವರು ಬುಷ್‌ನ ವಿಷಯದಲ್ಲಿ ನಿಜ ಹೇಳಿದರು ಎಂದು ನಾನು ಯಾವ ಆಧಾರದ ಮೇಲೆ ನಂಬಲಿ? ಕೂಲಿಯ ಹೋಲಿಕೆಯನ್ನು ನಾನು ಮಾಡಲಿಲ್ಲ; ಕಣ್ಣೆದುರೇ ಮಾಡುವುದರ ಬಗ್ಗೆ ಬರೆದೆ. ಬರೆದುದನ್ನು ಓದಿ ಉತ್ತರಿಸಿ.

ಪ್ಲೇನೊ, ಟೆಕ್ಸಾಸ್‌ನಿಂದ

ಇಬ್ಬರೂ ಒಂದು ಮೂಲ ಪ್ರಶ್ನೆಯನ್ನು ಬಿಟ್ಟಿದ್ದೀರಿ. ಅಲೈನ್‌ಮೆಂಟ್ ಎಂಬುದು ಎಣ್ಣೆ ಬದಲಿಸಿದಂತೆ ಕಾಲಕಾಲಕ್ಕೆ ಮಾಡಿಸಬೇಕಾದ ಕೆಲಸವೇ? ನನ್ನ 2014ರ ಅಕಾರ್ಡ್ ಕೈಪಿಡಿಯ ನಿರ್ವಹಣೆಯ ಪಟ್ಟಿಯಲ್ಲಿ ಇಂತಿಷ್ಟು ಮೈಲಿಗೆ ಅಲೈನ್‌ಮೆಂಟ್ ಮಾಡಿಸಿ ಎಂಬ ಸಾಲೇ ಇಲ್ಲ. ಆರು ತಿಂಗಳು ಅಥವಾ ಆರು ಸಾವಿರ ಮೈಲಿ ಎಂಬ ಮಾತನ್ನು ನಾನು ಕೇಳಿದ್ದು ಪ್ಲಾನ್ ಮಾರುವವರ ಬಾಯಿಂದ ಮಾತ್ರ. ಕಾರು ಒಂದು ಕಡೆಗೆ ಎಳೆದರೆ, ನೇರ ರಸ್ತೆಯಲ್ಲಿ ಸ್ಟೀರಿಂಗ್ ಓರೆಯಾಗಿ ನಿಂತರೆ, ಟೈರು ಒಂದು ಅಂಚಿನಲ್ಲಿ ಸವೆದರೆ, ಸಸ್ಪೆನ್ಷನ್‌ನ ಭಾಗ ಬದಲಿಸಿದರೆ ಮಾಡಿಸಬೇಕು. ತಿಂಗಳಿಗೊಮ್ಮೆ ಟೈರಿನ ಮೇಲೆ ಅಂಗೈಯನ್ನು ಅಡ್ಡಲಾಗಿ ಸವರಿ ನೋಡುತ್ತೇನೆ. ಒಂದು ದಿಕ್ಕಿನಲ್ಲಿ ನುಣುಪಾಗಿಯೂ ಇನ್ನೊಂದು ದಿಕ್ಕಿನಲ್ಲಿ ಗರಗಸದ ಹಲ್ಲಿನಂತೆಯೂ ತಗುಲಿದರೆ ಟೋ, ಅಂದರೆ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿ ನಿಲ್ಲುವ ಕೋನ, ತಪ್ಪಿದೆ ಎಂದರ್ಥ. ಒಂಬತ್ತು ವರ್ಷದಲ್ಲಿ ಎರಡೇ ಸಲ ಮಾಡಿಸಿದ್ದೇನೆ, ಒಟ್ಟು 188 ಡಾಲರ್. ಮೊದಲ ಜೊತೆ ಟೈರು 62,000 ಮೈಲಿ ಬಂತು.

ಟ್ರಾಯ್‌ನವರು ಹನ್ನೊಂದು ಸಲ ಹೋಗಿರುವುದು ಉಳಿತಾಯವಲ್ಲ. ಬೇಕಿಲ್ಲದ ಒಂಬತ್ತು ಸಲದ ಬೆಲೆಯನ್ನೂ ಉಳಿತಾಯದ ಲೆಕ್ಕಕ್ಕೆ ಸೇರಿಸಿದ್ದಾರೆ.

ಟ್ರಾಯ್‌ನಿಂದ

ಪ್ಲೇನೊದಲ್ಲಿ ಮಾರ್ಚ್ ತಿಂಗಳು ಹೇಗಿರುತ್ತದೆಂದು ನನಗೆ ಗೊತ್ತು, ಅಣ್ಣನ ಮನೆ ಅಲ್ಲಿದೆ. ಟೆಲಿಗ್ರಾಫ್ ರಸ್ತೆಯಲ್ಲಿ ಒಂದು ಚಳಿಗಾಲ ಕಾರು ಓಡಿಸಿ, ಆಮೇಲೆ ಅಂಗೈಯ ಪರೀಕ್ಷೆಯ ಬಗ್ಗೆ ಬರೆಯಿರಿ. ನನ್ನ ಹನ್ನೊಂದು ಪ್ರಿಂಟುಗಳಲ್ಲಿ ಏಳರಲ್ಲಿ ಮೊದಲಿನ ಅಳತೆ ಕೆಂಪಿನಲ್ಲಿತ್ತು, ಅಂದರೆ ಮಿತಿ ಮೀರಿತ್ತು. ನಾಲ್ಕು ಸಲ ಹಸಿರಿದ್ದಾಗ ಏನನ್ನೂ ಮುಟ್ಟದೆ ಕಳಿಸಿದರು. ಬೇಕಿಲ್ಲದ ಒಂಬತ್ತು ಎಂದು ನನ್ನ ಕಾರನ್ನು ನೋಡದೆ ಬರೆಯುವುದು ಸರಿಯಲ್ಲ.

ಸನ್ನಿವೇಲ್, ಕ್ಯಾಲಿಫೋರ್ನಿಯಾದಿಂದ

ಹಳೆಯ ಕ್ಯಾಮ್ರಿ, ಅಕಾರ್ಡ್‌ಗಳ ಕಾಲದ ಲೆಕ್ಕವನ್ನು ಹೊಸ ಕಾರುಗಳಿಗೆ ಹಚ್ಚಬೇಡಿ ಎಂದು ವಿನಂತಿಸುತ್ತೇನೆ. ನಮ್ಮದು 2022ರ ವಿದ್ಯುತ್ ಕಾರು. ಹಿಂದಿನ ಟೈರುಗಳ ಒಳ ಅಂಚು 19,000 ಮೈಲಿಗೇ ಬೋಳಾಯಿತು. ಹೊರಗಿನಿಂದ ನೋಡಿದರೆ ಹೊಸದರಂತಿತ್ತು, ಬಗ್ಗಿ ಒಳಗೆ ನೋಡುವ ಅಭ್ಯಾಸ ನನಗೂ ಇರಲಿಲ್ಲ. ಎರಡು ಟೈರಿಗೆ 590 ಡಾಲರ್ ಕೊಟ್ಟು, ಇನ್ನು ಮುಂದೆ ಹೀಗಾಗಬಾರದೆಂದು 229 ಡಾಲರಿನ ಲೈಫ್‌ಟೈಮ್ ಪ್ಲಾನ್ ತೆಗೆದುಕೊಂಡೆ.

ಮೊದಲ ಪ್ರಿಂಟಿನಲ್ಲೇ ಹಿಂದಿನ ಚಕ್ರಗಳ ಕ್ಯಾಂಬರ್ (ಚಕ್ರದ ಮೇಲ್ಭಾಗ ಒಳಕ್ಕೋ ಹೊರಕ್ಕೋ ವಾಲುವ ಕೋನ) ಎರಡೂ ಕಡೆ ಕೆಂಪು. ಸರಿಪಡಿಸಿ ಎಂದರೆ, ಈ ಕಾರಿಗೆ ಕಾರ್ಖಾನೆಯಿಂದ ಟೋ ಮಾತ್ರ ಹೊಂದಿಸಲು ಅವಕಾಶವಿದೆ, ಕ್ಯಾಂಬರ್‌ಗೆ ಇಲ್ಲ ಎಂದರು. ಅದು ನಿಜವೇ, ಅನೇಕ ಕಾರುಗಳಲ್ಲಿ ಹಾಗೆಯೇ ಇದೆ. ಆದರೆ ಹಣ ತೆಗೆದುಕೊಳ್ಳುವಾಗ ಹೇಳಬೇಕಿತ್ತು. ಕೊನೆಗೆ ಹೊಂದಿಸಲು ಬರುವ ಆರ್ಮ್‌ಗಳನ್ನು 480 ಡಾಲರಿಗೆ ಹೊರಗಿನಿಂದ ತರಿಸಿ, 350 ಡಾಲರ್ ಕೂಲಿ ಕೊಟ್ಟು ಬೇರೆ ಕಡೆ ಹಾಕಿಸಿದೆ. ಆಮೇಲೆ ಪ್ಲಾನ್ ಇದ್ದ ಅಂಗಡಿಗೆ ಹೋದರೆ, ಮೂಲ ಕಂಪನಿಯದಲ್ಲದ ಭಾಗವನ್ನು ನಾವು ಮುಟ್ಟುವುದಿಲ್ಲ ಎಂದರು. ಪ್ಲಾನ್ ಇದೆ, ಅದರಿಂದ ಮಾಡಿಸಬಹುದಾದದ್ದು ಏನೂ ಇಲ್ಲ.

ಇನ್ನೊಂದು ವಿಷಯ. ಲೇನ್ ಹಿಡಿದು ನಡೆಸುವ ಕ್ಯಾಮೆರಾ ಇರುವ ಕಾರುಗಳಲ್ಲಿ ಅಲೈನ್‌ಮೆಂಟ್ ಆದ ಮೇಲೆ ಸ್ಟೀರಿಂಗ್ ಕೋನದ ಸೆನ್ಸರನ್ನು ಸೊನ್ನೆಗೆ ತರಬೇಕಾಗಬಹುದು, ಕೆಲವಕ್ಕೆ ಕ್ಯಾಮೆರಾವನ್ನೂ ಹೊಸದಾಗಿ ಹೊಂದಿಸಬೇಕಾಗುತ್ತದೆ. ನನಗೆ ಕ್ಯಾಮೆರಾಕ್ಕೆ ಹೇಳಿದ್ದು 295 ಡಾಲರ್, ಪ್ಲಾನಿನ ಹೊರಗೆ.

ಪ್ಲೇನೊದಿಂದ

ಅಂದರೆ ಪ್ಲಾನಿನಲ್ಲಿ ಏನು ಸೇರಿದೆ ಎಂದು ಕೇಳದೆ ಸಹಿ ಹಾಕಿದಿರಿ. ಹೊಂದಿಸಲು ಬಾರದ ಕೋನವನ್ನು ಹೊಂದಿಸಿಕೊಡಿ ಎಂದರೆ ಯಾರು ತಾನೇ ಏನು ಮಾಡಿಯಾರು?

ಸನ್ನಿವೇಲ್‌ನಿಂದ

ಸರ್, ನಾನು ಕೇಳಿದ್ದೆ. ನಾಲ್ಕೂ ಚಕ್ರಗಳ ಪೂರ್ಣ ಅಲೈನ್‌ಮೆಂಟ್ ಎಂದು ಉತ್ತರ ಕೊಟ್ಟರು. ಕ್ಯಾಂಬರ್ ಎಂಬ ಪದವೇ ಅಂದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದವರು ಕಷ್ಟಪಟ್ಟು ಕಲಿತದ್ದನ್ನು ಇಲ್ಲಿ ಹೇಳಿಕೊಂಡರೆ, ಮೊದಲೇ ಗೊತ್ತಿದ್ದವರು ಹೀಗೆ ಮಾತನಾಡುವುದು ಮನಸ್ಸಿಗೆ ನೋವು ಕೊಡುತ್ತದೆ.

ಕೊಲಂಬಸ್, ಓಹಾಯೊದಿಂದ

ನಾನು ಇಲ್ಲಿ ಬರೆಯುವುದು ಕಡಿಮೆ, ಆದರೂ ಹೇಳುತ್ತೇನೆ. ನಮ್ಮ 2015ರ ಕೊರೊಲ್ಲಾಕ್ಕೆ ಪ್ಲಾನ್ ಇತ್ತು. ಅದರ ಹಿಂಭಾಗದ ಸಸ್ಪೆನ್ಷನ್ ಟಾರ್ಷನ್ ಬೀಮ್, ಅಂದರೆ ಎರಡೂ ಚಕ್ರಗಳನ್ನು ಜೋಡಿಸುವ ಒಂದೇ ತೊಲೆ. ಹಿಂದಿನ ಚಕ್ರಗಳಲ್ಲಿ ಹೊಂದಿಸುವುದಕ್ಕೆ ಏನೂ ಇಲ್ಲದ್ದರಿಂದ ಪ್ರತಿ ಸಲವೂ ಮುಂದಿನ ಟೋ ಮಾತ್ರ ಸರಿಮಾಡುತ್ತಿದ್ದರು. ಅದರಲ್ಲಿ ನನಗೆ ಅಸಮಾಧಾನವಿರಲಿಲ್ಲ. ತೊಂದರೆ ಬಂದದ್ದು ಯಜಮಾನರಿಗೆ ಕೆಲಸ ಬದಲಾಗಿ ಮೂರು ವರ್ಷ ಸಣ್ಣ ಊರಿಗೆ ಹೋದಾಗ. ಪ್ಲಾನ್ ಕೊಟ್ಟ ಕಂಪನಿಯ ಅತಿ ಹತ್ತಿರದ ಶಾಖೆ 94 ಮೈಲಿ ದೂರ. ಹೋಗಿಬರುವ ಪೆಟ್ರೋಲು, ಮಗುವನ್ನು ನೋಡಿಕೊಳ್ಳುವವರಿಗೆ ಕೊಡುವ ಹಣ, ಅರ್ಧ ದಿನ, ಇಷ್ಟನ್ನೂ ಸೇರಿಸಿದರೆ ಊರಿನಲ್ಲೇ 85 ಡಾಲರ್ ಕೊಡುವುದು ಅಗ್ಗವಾಗಿತ್ತು. ಆ ಮೂರು ವರ್ಷ ಪ್ಲಾನ್ ಸುಮ್ಮನೆ ಬಿದ್ದಿತ್ತು. ತಾವು ಇರುವ ಊರಿನಲ್ಲೇ ಇರುತ್ತೀರಾ ಎಂಬುದನ್ನೂ ನೋಡಿಕೊಳ್ಳಬೇಕು.

ಇನ್ನೊಂದು ಮಾತು: ಅರುವತ್ತು ಮೈಲಿ ವೇಗದಲ್ಲಿ ಸ್ಟೀರಿಂಗ್ ನಡುಗುತ್ತದೆಂದು ನಾನು ಎರಡು ಸಲ ಅಲೈನ್‌ಮೆಂಟ್‌ಗೆ ಹೋಗಿದ್ದೆ. ನಡುಕ ಬ್ಯಾಲೆನ್ಸಿಂಗ್‌ನದು, ಅದು ಈ ಪ್ಲಾನಿನಲ್ಲಿ ಇಲ್ಲ.

ಎಡಿಸನ್‌ನಿಂದ

ನಿಮ್ಮ ಮಾತು ಸರಿ, ಅಮ್ಮ. ಟ್ರಾಯ್‌ನವರು ಒಮ್ಮೆಯೂ ತಮ್ಮ ಸಮಯದ ಬೆಲೆ ಕಟ್ಟಲಿಲ್ಲ. ಹನ್ನೊಂದು ಸಲಕ್ಕೆ ತಲಾ ಎರಡು ಗಂಟೆಯಾದರೂ ಇಪ್ಪತ್ತೆರಡು ಗಂಟೆ ಆ ಬೆಂಚಿನ ಮೇಲೆ ಕಳೆದಿದ್ದಾರೆ. ಇನ್ನೊಂದನ್ನೂ ಕೇಳಬೇಕೆನಿಸುತ್ತದೆ: ಒಂದು ಸಲದ ಹಣ ಕೊಟ್ಟು ಕೆಲಸಗಾರರಿಂದ ಹನ್ನೊಂದು ಸಲ ಮಾಡಿಸಿಕೊಂಡದ್ದು ನ್ಯಾಯವೇ?

ಟ್ರಾಯ್‌ನಿಂದ

ಎಷ್ಟು ಸಲ ಬೇಕಾದರೂ ಬನ್ನಿ ಎಂದು ಬರೆದುಕೊಟ್ಟವರು ಅವರು. ನಾನು ಯಾರ ಬಳಿಯೂ ಕಸಿದುಕೊಂಡಿಲ್ಲ. ನನ್ನ ನ್ಯಾಯಾನ್ಯಾಯದ ಮಾತು ತಾವು ಎತ್ತಿದ್ದು ನನಗೆ ಬೇಸರ ತಂದಿದೆ. ಹೋದಾಗಲೆಲ್ಲ ಕೆಲಸ ಮಾಡಿದವನ ಕೈಗೆ ಹತ್ತು ಡಾಲರ್ ಕೊಟ್ಟು ಬಂದಿದ್ದೇನೆ. ಆ ಬೆಂಚಿನ ಮೇಲೆ ಕುಳಿತೇ ಮಗನಿಗೆ ಕನ್ನಡ ಅಕ್ಷರ ಕಲಿಸಿದ್ದೇನೆ. ಆ ಗಂಟೆಗಳು ನನಗೆ ನಷ್ಟವಲ್ಲ.

ಪ್ರಶ್ನೆ ಕೇಳಿದವರಿಂದ: ಫಾರ್ಮಿಂಗ್ಟನ್ ಹಿಲ್ಸ್

ಎಲ್ಲರಿಗೂ ಕೃತಜ್ಞತೆಗಳು. ಇಂದು ಬೆಳಿಗ್ಗೆ ಹೋಗಿ, ಎರಡೇ ವರ್ಷ ಇಟ್ಟುಕೊಳ್ಳುವ ಕಾರಲ್ಲವೇ ಎಂದುಕೊಂಡು, ಒಂದು ಸಲದ ಅಲೈನ್‌ಮೆಂಟನ್ನೇ 119 ಡಾಲರಿಗೆ ಮಾಡಿಸಿದೆ. ಮೊದಲಿನ ಮತ್ತು ನಂತರದ ಅಳತೆಯ ಪ್ರಿಂಟ್ ಕೇಳಿ ಪಡೆದೆ, ಎಡಿಸನ್‌ನವರ ಮಾತು ನೆನಪಿಟ್ಟುಕೊಂಡು ಕೇಳಿದ್ದಕ್ಕೆ ಕಾರಿನ ಕೆಳಗೆ ನಿಂತು ನೋಡಲೂ ಬಿಟ್ಟರು. ಮುಂದಿನ ಟೋ ಎರಡೂ ಕಡೆ ತಪ್ಪಿತ್ತು, ಸರಿಯಾಯಿತು. ಬಲಗಡೆಯ ಲೋಯರ್ ಕಂಟ್ರೋಲ್ ಆರ್ಮ್ ಬುಷ್ ಬಿರುಕು ಬಿಡಲು ಶುರುವಾಗಿದೆ, ಈಗಲೇ ಬೇಡ, ಮುಂದಿನ ಚಳಿಗಾಲದ ಒಳಗೆ ಬದಲಿಸಿ ಎಂದು ಬೆಳಕು ಹಾಕಿ ತೋರಿಸಿದರು. ಬಿರುಕನ್ನು ನಾನೇ ಕಂಡೆ.

ಟ್ರಾಯ್‌ನಿಂದ

ಬುಷ್ ಬದಲಿಸಿದ ದಿನ ಮತ್ತೆ ಅಲೈನ್‌ಮೆಂಟ್ ಮಾಡಿಸಲೇಬೇಕು, ಅಂದು ಮತ್ತೆ 119 ಕೊಡುತ್ತೀರಿ. ಎರಡಕ್ಕೂ ಸೇರಿ 238 ಆಯಿತು. ಪ್ಲಾನ್ 219 ಇತ್ತು. ಇಂದು ಕೊಟ್ಟ 119ನ್ನು ಹಿಡಿದುಕೊಂಡು ಉಳಿದ ನೂರಕ್ಕೆ ಪ್ಲಾನಿಗೆ ಬದಲಿಸಿಕೊಡುತ್ತಾರೆಯೇ ಎಂದು ನಾಳೆಯೇ ಫೋನ್ ಮಾಡಿ ಕೇಳಿ.

ಎಡಿಸನ್‌ನಿಂದ

ಬುಷ್ ಬದಲಿಸಲು ಮೊದಲು ಬೇರೆ ಗ್ಯಾರೇಜಿನಲ್ಲಿ ಬೆಲೆ ಕೇಳಿ. ಅಲೈನ್‌ಮೆಂಟನ್ನೂ ಸೇರಿಸಿ ಒಂದೇ ಬೆಲೆ ಹೇಳುವವರಿದ್ದಾರೆ. ಹಳೆಯ ಭಾಗವನ್ನು ಕೈಗೆ ಕೊಡಬೇಕೆಂದು ಕೆಲಸ ಶುರುವಾಗುವ ಮೊದಲೇ ಬಿಲ್ಲಿನ ಮೇಲೆ ಬರೆಸಿಕೊಳ್ಳಿ.