ಪದಚರ್ಚೆ: 'ಬ್ಲ್ಯಾಡರ್' ಮೂತ್ರಕೋಶವೋ, ಮೂತ್ರಚೀಲವೋ? (ನಾಳೆ ಸಂಜೆಯೊಳಗೆ ಬೇಕು)

ಬೆಟಗೇರಿಯಿಂದ:
ಎಲ್ಲರಿಗೂ ನಮಸ್ಕಾರ್ರಿ. ರವಿವಾರ ನಮ್ಮ ನೇಕಾರ ಓಣಿಯಲ್ಲಿ ತಪಾಸಣಾ ಶಿಬಿರ. ಊಟ-ಜೀವನಶೈಲಿಗೂ ಬ್ಲ್ಯಾಡರ್ (ಉಚ್ಚೆ ಕೂಡೋ ಅಂಗ) ಕ್ಯಾನ್ಸರಿಗೂ ಏನು ನಂಟು ಅನ್ನೋ ಇಂಗ್ಲಿಷ್ ಹಾಳೆಯನ್ನು ಕನ್ನಡದ ಬೋರ್ಡಿಗೆ ಇಳಿಸೋ ಕೆಲಸ ನನ್ನ ಕೊರಳಿಗೆ ಬಿದ್ದದ. ಫ್ಲೆಕ್ಸಿನವ ನಾಳೆ ಸಂಜೆಗೆ ಕೇಳ್ಯಾನ. 'ಮೂತ್ರಕೋಶ' ಅಂತ ಬರೆದಿದ್ದೆ. ಮಗ್ಗದ ಮುಂದೆ ಕುಂತ ಹಿರಿಯರೊಬ್ಬರಿಗೆ ಓದಿ ಹೇಳಿದರೆ ಬೆನ್ನ ಹಿಂದೆ ಕೈ ಇಟ್ಟು, "ಕಿಡ್ನಿ ಹೌದಲ್ಲೋ?" ಅಂದ್ರು. ಅವರದೇನೂ ತಪ್ಪಿಲ್ಲ, ಬರೆಯೋರೇ ಈ ಪದಾನ ಒಮ್ಮೆ ಬ್ಲ್ಯಾಡರಿಗೆ ಒಮ್ಮೆ ಕಿಡ್ನಿಗೆ ಬಳಸ್ತಾರ. ಏನು ಬರೀಲಿ?

ಧಾರವಾಡದ ನಿವೃತ್ತ ಮಾಸ್ತರರು:
ಬಸ್ತಿ. ಚರಕನ ಕಾಲದಿಂದ ಇರುವ ಪದ. ಆಯುರ್ವೇದದ ಬಸ್ತಿ ಚಿಕಿತ್ಸೆಗೆ, ಅಂದರೆ ಎನಿಮಾಕ್ಕೆ, ಆ ಹೆಸರು ಬಂದದ್ದೂ ಪ್ರಾಣಿಗಳ ಇದೇ ಅಂಗದಲ್ಲಿ ಔಷಧ ತುಂಬಿ ಕೊಡುತ್ತಿದ್ದುದರಿಂದ. ವರ್ಣ ಬಣ್ಣವಾಯಿತು, ವನ ಬನವಾಯಿತು, ವಸ್ತಿ ಬಸ್ತಿಯಾಯಿತು. 'ವಸ್' ಎಂದರೆ ಇರು. ಜಿನ ಇರುವಲ್ಲಿ ವಸತಿ, ಅದೇ ಬಸದಿ. ಮೂತ್ರ ಇರುವಲ್ಲಿ ಬಸ್ತಿ. ಒಂದೇ ಬೇರು. ಇದರಲ್ಲಿ ಚರ್ಚೆಗೆ ಏನಿದೆ?

ಹಾವೇರಿಯಿಂದ:
ಇದೆ. ವಸತಿಯ ಕಥೆ ಬೇರೆ, ವಸ್ತಿಯ ಕಥೆ ಬೇರೆ, ಧ್ವನಿ ಕೂಡಿದ್ದಕ್ಕೆ ಬೀಗರಾಗುವುದಿಲ್ಲ. ಅದಿರಲಿ, 'ಬಸ್ತಿ ಕ್ಯಾನ್ಸರ್' ಅಂತ ಬೋರ್ಡು ಹಚ್ಚಿ ನೋಡಿ, ಲಕ್ಕುಂಡಿಯ ಜೈನ ಬಸದಿಯವರು ಬಡಿಗೆ ಹಿಡಿದು ಬರ್ತಾರೆ.
ಕೋಶವೂ ಬೇಡ. ಶ್ವಾಸಕೋಶ, ಪಿತ್ತಕೋಶ, ಗರ್ಭಕೋಶ, ಜೀವಕೋಶ, ಕೊನೆಗೆ ಪದಕೋಶ. ಒಂದೇ ಗೂಟಕ್ಕೆ ಎಷ್ಟು ಎತ್ತು ಕಟ್ಟುವುದು? 'ಮೂತ್ರಕೋಶದ ಕೋಶಗಳು ಕೆಡುತ್ತವೆ' ಅಂತ ಒಂದು ವಾಕ್ಯ ಬರೆದು ನೋಡಿ. ಅಚ್ಚಗನ್ನಡದಲ್ಲಿ ಉಚ್ಚೆಚೀಲ ಇದೆ. ನಾಚಿಕೆ ಯಾಕೆ?

ಹುಬ್ಬಳ್ಳಿಯ ನರ್ಸ್:
ಚೀಲ ಬ್ಯಾಡ್ರಿ. ವಾರ್ಡಿನಾಗ 'ಉಚ್ಚಿ ಚೀಲ' ಅಂದ್ರ ಕ್ಯಾಥೆಟರ್ ಕೊಳವಿಗೆ ಹಚ್ಚಿ ಮಂಚಕ್ಕ ಜೋತು ಬಿಡೂದು. "ಚೀಲ ತೆಗೀಬೇಕಾಗ್ತದ" ಅಂತ ಡಾಕ್ಟರ್ ಹೇಳಿದ್ದಕ್ಕ ಪೇಷಂಟ್ ಒಬ್ಬಾಂವ, ನಾಳೆ ಮನಿಗೆ ಕಳಸ್ತಾರ ಅಂತ ಅರಬಿ ಮಡಚಿ ಇಟ್ಕೊಂಡು ಕುಂತಿದ್ದ. ಅವರು ಹೇಳಿದ್ದು ಒಳಗಿಂದು.
ಇನ್ನೊಂದು. ಹಾಳಿಯೊಳಗ ಊಟಾನ ಮೊದಲ ಯಾಕ? ಈ ಕ್ಯಾನ್ಸರಿನ ಸುಮಾರು ಅರ್ಧ ಪಾಲು ಸೇದೂದರ ಲೆಕ್ಕಕ್ಕ ಹೋಗ್ತದ. ಹೊಗಿಯ ವಿಷ ರಕ್ತಕ್ಕ ಇಳಿದು, ಕಿಡ್ನಿ ಸೋಸಿ ಕೆಳಗ ಬಿಟ್ಟು, ತಾಸುಗಟ್ಟಲೆ ಅಲ್ಲೇ ನಿಲ್ತದ. ಕಾಯಿಪಲ್ಲೆ ತಿನ್ರಿ, ನೀರು ಕುಡೀರಿ, ಛಲೋನ. ಆದ್ರ ಇವು ಈ ಕ್ಯಾನ್ಸರ್ ತಡೀತಾವು ಅನ್ನಾಕ ಪುರಾವೆ ಗಟ್ಟಿ ಇಲ್ಲ. ಕಾಫಿ ಮ್ಯಾಲೆ 1991ರಾಗ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಹೊರಿಸಿದ್ದ ಸಂಶೇವನ್ನ 2016ರಾಗ ತಾನ ಇಳಿಸ್ತು. 'ಜೀವನಶೈಲಿ' ಅಂತ ಮೆತ್ತಗ ಬರೀಬ್ಯಾಡ್ರಿ. 'ಚಟ' ಅನ್ರಿ, ತಿಳೀತದ.

ಧಾರವಾಡದ ಮಾಸ್ತರರು:
ವಾರ್ಡು, ಕ್ಯಾಥೆಟರು, ಪೇಷಂಟು, ಪುರಾವೆ. ಒಂದೇ ಪತ್ರದಲ್ಲಿ ಇಷ್ಟು ಸಾಲ.

ಹಾವೇರಿಯಿಂದ:
ನಿಮ್ಮ ಬಸ್ತಿ ಏನು ಅಜ್ಜನ ಹೊಲದಲ್ಲಿ ಬೆಳೆದದ್ದೇ? ಸಂಸ್ಕೃತದಿಂದ ತಂದರೆ ಆಸ್ತಿ, ಮರಾಠಿಯಿಂದ ತಂದರೆ ಸಾಲ. ನಲವತ್ತು ವರ್ಷ ಇದನ್ನೇ ಪಾಠ ಮಾಡಿದಿರಿ.

ಧಾರವಾಡದ ಮಾಸ್ತರರು:
ವೈಯಕ್ತಿಕಕ್ಕೆ ಇಳಿಯುವವರಿಗೆ ಉತ್ತರವಿಲ್ಲ.

ಬೆಟಗೇರಿಯಿಂದ:
ಇಬ್ಬರೂ ಶಾಂತ ಆಗ್ರಿ, ನನ್ನ ಬೋರ್ಡು ಹಿಂಗ ಉಳೀತದ. ಅಕ್ಕಾರ, ಚಟದ ಮಾತು ಒಪ್ಪಿದೆ. ಆದರೆ ಹಾಳೆಯಲ್ಲಿ ಬಣ್ಣದ ಕೆಲಸವೂ ಜೀವನಶೈಲಿಯ ಕೆಳಗೇ ಐತಿ. ನೂಲಿಗೆ ಬಣ್ಣ ಅದ್ದೋದು ಯಾವ ಶೈಲಿ ಅಂತೀನಿ, ಅದು ಹೊಟ್ಟೆಪಾಡು! ಜರ್ಮನಿಯ ಬಣ್ಣದ ಕಾರ್ಖಾನೆಯ ಕೆಲಸಗಾರರಲ್ಲಿ ಈ ಗಡ್ಡೆ ಇರೋದನ್ನು 1895ರಲ್ಲೇ ಅಲ್ಲಿನ ಸರ್ಜನ್ ಒಬ್ಬ ಬರೆದಿಟ್ಟಾನ. ಬೆಂಜಿಡಿನ್‌ನಂಥ ರಾಸಾಯನಿಕದ ಮೇಲೆ ತಪ್ಪು ಖಾತ್ರಿಯಾದದ್ದು ಆಮೇಲೆ. ಅದಕ್ಕೇ 'ಊಟ, ಚಟ, ಕೆಲಸ' ಅಂತ ಮೂರಾಗಿ ಬಿಡಿಸಿದೆ. ಸೇದದೇ ಬಣ್ಣ ಅದ್ದಿದವನ ಮೇಲೆ ಚಟದ ಹೆಸರು ಬೀಳಬಾರದು.
ಪದಕ್ಕೆ 'ಮೂತ್ರಾಶಯ' ಹಿಡಿದೆ. ನವಿಲುತೀರ್ಥದ ಜಲಾಶಯ ಗೊತ್ತಿದ್ದವರಿಗೆ ನೀರು ಬಂದು ನಿಲ್ಲೋ ಜಾಗ ಅಂತ ಹೊಳೀತದ.

ಹಾವೇರಿಯಿಂದ:
ಸಂವಿಧಾನದ ಆಶಯ, ಸಮ್ಮೇಳನದ ಆಶಯ ಭಾಷಣ, ಈಗ ಮೂತ್ರದ ಆಶಯ. ನಡೀಲಿ.

ಬೆಟಗೇರಿಯಿಂದ:
ಕೆಳಗೆ ಸಣ್ಣಗೆ, 'ಕಿಬ್ಬೊಟ್ಟೆಯೊಳಗ ಉಚ್ಚಿ ಕೂಡೋ ಜಾಗ. ನೋವು ಇಲ್ಲದಿದ್ದರೂ ಉಚ್ಚಿಯೊಳಗ ರಕ್ತ ಕಂಡರ ಕೂಡಲೇ ತೋರಿಸ್ರಿ' ಅಂತ ಸೇರಿಸೀನಿ. ಅದೇ ಹಿರಿಯರಿಗೆ ಮತ್ತೆ ಓದಿ ಹೇಳಿದೆ. ಈ ಸಲ ಕೈ ಹೊಕ್ಕಳದ ಕೆಳಗೆ ಹೋತು.

ಧಾರವಾಡದ ಮಾಸ್ತರರು:
'ಉಚ್ಚಿ' ಅಲ್ಲ, 'ಉಚ್ಚೆ'. ತಿದ್ದಿ.

ಬೆಟಗೇರಿಯಿಂದ:
ಅಚ್ಚಾತ್ರಿ ಸರ್.