ಅಗ್ಗದ ತಿರುಗುವ ವೈಸ್ ತಗೊಳ್ಳಬಹುದಾ ಅಣ್ಣ?

ಪ್ರಶ್ನೆ (ಸುಂಟಿಕೊಪ್ಪ): ಫಿಟ್ಟರ್ ಅಣ್ಣ, ನಮಸ್ಕಾರ. ತೋಟದ ಶೆಡ್ಡಿಗೆ, ಎರಡು ದವಡೆ ಮಧ್ಯೆ ಸಾಮಾನು ಕಚ್ಚಿ ಹಿಡಿಯುವ ಬೆಂಚ್ ವೈಸ್ ಬೇಕು. ಕತ್ತಿ ಮಸೆಯೋದು, ಚೈನ್ ಸಾ ಹಲ್ಲಿಗೆ ಅರ ಹಾಕೋದು, ವೀಡ್ ಕಟ್ಟರ್ ಬಿಚ್ಚೋದು, ಪೈಪ್ ಕೊಯ್ಯೋದು, ಇಷ್ಟೇ ಕೆಲಸ. ಕುಶಾಲನಗರದಲ್ಲಿ ಬುಡ ತಿರುಗುವ 4 ಇಂಚಿನದ್ದು ಎರಡು ಸಾವಿರದೊಳಗೆ ಸಿಗ್ತಿದೆ. ಬಾಳಿಕೆ ಬರುತ್ತಾ? ಅಂಗಡೀಲಿ ಏನೇನು ನೋಡಬೇಕು?

ಉತ್ತರ: ಸುತ್ತಿಗೆ ಎತ್ತಲ್ಲ ಅಂದ್ರೆ ಧಾರಾಳ ಸಾಕು ಸರ್. ಆ ರೇಟಿನವು ಬೀಡು ಕಬ್ಬಿಣದ ಎರಕ. ಬೀಡು ಒತ್ತಡ ತಡೀತದೆ, ಏಟು ತಡೆಯಲ್ಲ. ಬಾಗದೆ ನೇರ ಸೀಳಿಬಿಡ್ತದೆ. ಹಿಂದುಗಡೆ ಬಡಿಯೋಕೆ ಅಂತ ಚಪ್ಪಟೆ ಜಾಗ ಇರ್ತದಲ್ಲ, ಅದರ ಮೇಲೆ ಮೊಳೆ ನೆಟ್ಟಗೆ ಮಾಡಿ, ಅಷ್ಟು ಸಾಕು.

ಬಣ್ಣದ ಹೊಳಪು ನೋಡಬೇಡಿ. ದಪ್ಪ ಬಣ್ಣದಡಿ ಎರಕದ ತೂತಿಗೆ ಪುಟ್ಟಿ ಮೆತ್ತಿರೋದೂ ಉಂಟು. ಎರಡು ಕಾಗದದ ಚೂರು ತಗೊಂಡು ಹೋಗಿ. ದವಡೆಯ ಮೇಲಂಚಿಗೊಂದು, ಕೆಳಂಚಿಗೊಂದು ಇಟ್ಟು ಬಿಗಿ ಮಾಡಿ, ಎಳೆದು ನೋಡಿ. ಕೆಳಗಿನದು ಕಚ್ಚಿಕೊಂಡು ಮೇಲಿನದು ಸಲೀಸಾಗಿ ಬಂತೋ, ಬಿಗಿ ಮಾಡುವಾಗ ಮುಂದಿನ ದವಡೆ ಹೊರಕ್ಕೆ ವಾಲ್ತಿದೆ ಅಂತ ಲೆಕ್ಕ. ಚೈನ್ ಸಾ ಬಾರ್ (ಸರಪಳಿ ಓಡುವ ಪಟ್ಟಿ) ಥರದ ತೆಳ್ಳನೆ ಸಾಮಾನು ಅದರಲ್ಲಿ ನಿಲ್ಲಲ್ಲ. ಎಡತುದಿ, ಬಲತುದಿಗೂ ಹಾಗೇ ಮಾಡಿ.

ಆಮೇಲೆ ಬುಡ. ಲಾಕ್ ಬೋಲ್ಟ್ ಎರಡು ಕಡೆ ಇರಬೇಕು. ಒಂದೇ ಇದ್ದರೆ ಬಿಟ್ಟು ಬನ್ನಿ. ಎರಡನ್ನೂ ಬಿಗಿ ಮಾಡಿ, ಅಂಗಡಿಯವರಿಗೆ ಬುಡ ಒತ್ತಿ ಹಿಡಿಯೋಕೆ ಹೇಳಿ, ನೀವು ಮೇಲ್ಭಾಗ ಹಿಡಿದು ತಿರುಚಿ, ಅಲುಗಬಾರದು. ಮುಖ ಸಿಂಡರಿಸಿದರೂ ಪರವಾಗಿಲ್ಲ. ದವಡೆಯ ಪ್ಲೇಟು ಸ್ಕ್ರೂ ಹಾಕಿದ್ದಿದ್ದರೆ ಒಳ್ಳೇದು, ಸವೆದಾಗ ಬದಲಾಯಿಸಬಹುದು.

ಪ್ರಶ್ನೆ (ವಿರಾಜಪೇಟೆ): ಮಧ್ಯೆ ಬಂದೆ, ಕ್ಷಮಿಸಿ. ತಿರುಗೋದು ನಿಜಕ್ಕೂ ಬೇಕಾ?

ಉತ್ತರ: ನನ್ನ ಕೇಳಿದರೆ, ಅದೇ ದುಡ್ಡಿಗೆ ತಿರುಗದ್ದು ಸಿಕ್ಕರೆ ಅದನ್ನೇ ತಗೊಳ್ಳಿ. ಜೋಡಣೆ ಹೆಚ್ಚಿದಷ್ಟೂ ಅಲುಗಾಟ ಹೆಚ್ಚು. ಆದರೆ ಚೈನ್ ಸಾ ಇದ್ದವರಿಗೆ ಲಾಭ ಉಂಟು. ಸರಪಳಿ ಹಲ್ಲು ಒಂದು ಬಲಕ್ಕೆ, ಮುಂದಿನದು ಎಡಕ್ಕೆ. ಒಂದು ಸಾಲು ಮುಗಿಸಿ ವೈಸನ್ನೇ ತಿರುಗಿಸಿದರೆ, ನಿಂತ ಜಾಗದಲ್ಲೇ ಇನ್ನೊಂದು ಸಾಲಿಗೆ ಅರ ಹಾಕಬಹುದು. ಇಕ್ಕಟ್ಟಿನ ಶೆಡ್ಡಲ್ಲಿ ಉದ್ದ ಪೈಪ್ ಗೋಡೆಗೆ ತಾಗದ ಹಾಗೆ ತಿರುಗಿಸೋಕೂ ಆಗ್ತದೆ.

ವೈಸ್ ಅಲ್ಲಾಡ್ತದೆ ಅಂತ ಬರುವವರಲ್ಲಿ ಸುಮಾರು ಜನರದ್ದು ಬೆಂಚೇ ಸರಿ ಇರಲ್ಲ. ಸಿಲ್ವರ್ ಓಕ್ ಹಲಗೆ ಆದರೆ 2 ಇಂಚು ದಪ್ಪ ಇರಲಿ. ಮರದ ಸ್ಕ್ರೂ ಬೇಡ, ಆರಪಾರ ಬೋಲ್ಟ್ ಹಾಕಿ ಅಡಿಗೆ ದೊಡ್ಡ ವಾಷರ್ ಕೊಡಿ. ಬೆಂಚಿನ ಕಾಲಿನ ಮೇಲೇ ಕೂರಿಸಿ. ಹಿಂದಿನ ದವಡೆ ಹಲಗೆಯ ಅಂಚಿಗಿಂತ ತುಸು ಹೊರಗಿರಲಿ, ಉದ್ದ ಸಾಮಾನು ನೇರ ಕೆಳಗಿಳೀತದೆ. ಎತ್ತರ ನಿಮ್ಮ ಮೊಣಕೈ ಮಟ್ಟ.

ಪ್ರಶ್ನೆ (ಸುಂಟಿಕೊಪ್ಪ): ಮಳೆಗಾಲಕ್ಕೆ ತುಕ್ಕು? ಮತ್ತೆ ವೀಡ್ ಕಟ್ಟರ್ ಪೈಪ್ ಅಲ್ಯೂಮಿನಿಯಂ, ನಜ್ಜಾಗಲ್ವಾ?

ಉತ್ತರ: ಸ್ಕ್ರೂಗೆ ಗ್ರೀಸ್, ಜಾರುವ ಭಾಗಕ್ಕೆ ಎಣ್ಣೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಬುಡವನ್ನೂ ಆಗಾಗ ಸಡಿಲಿಸಿ, ಎಣ್ಣೆ ಬಿಟ್ಟು, ಒಂದು ಸುತ್ತು ತಿರುಗಿಸ್ತಾ ಇರಿ. ಇಲ್ಲಾಂದ್ರೆ ತುಕ್ಕು ಕಚ್ಚಿ ತಿರುಗೋದೇ ನಿಂತುಹೋಗ್ತದೆ. ಪೈಪಿಗೆ ಎರಡು ಮರದ ತುಂಡಲ್ಲಿ ಪೈಪ್ ಕೂರುವ ಹಾಗೆ ತೋಡು ಕೊರೆದು ಮಧ್ಯೆ ಹಿಡಿಸಿ, ಕೈಬಿಗಿ ಸಾಕು. ಬ್ಲೇಡ್ ನಟ್ ಬಿಚ್ಚುವಾಗ ನೆನಪಿರಲಿ, ಹೆಚ್ಚಿನ ಮಿಷನ್ನಲ್ಲಿ ಅದು ಉಲ್ಟಾ ಮರೆ (ತಿರುಪಿನ ಸುತ್ತು), ಅಂದ್ರೆ ಬಲಕ್ಕೆ ತಿರುಗಿಸಿದರೆ ಬಿಚ್ಚೋದು. ಬರಲಿಲ್ಲ ಅಂತ ವೈಸ್ ಹಿಡಿಗೆ ಪೈಪ್ ಸಿಕ್ಕಿಸಿ ಬಿಗಿ ಮಾಡಬೇಡಿ, ಒಳಗಿನ ಮರೆ ಕಿತ್ತು ಬರ್ತದೆ.