ದೇವರ ಎತ್ತು: ಉಳಲ್ಲ, ಮಾರಲ್ಲ, ಮತ್ತೆ ಸಾಕೋದು ಯಾಕೆ?

ಜಾಲಿಮರ: ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮುರು ಕಡೆ ದನ ಸಾಕುವ ಮ್ಯಾಸನಾಯಕ ಸಮುದಾಯದ ಹಟ್ಟಿಗಳಲ್ಲಿ ದೇವರ ಎತ್ತು ಅಂತ ದೊಡ್ಡ ಹಿಂಡುಗಳಿವೆ. ನೇಗಿಲಿಗೆ ಕಟ್ಟಲ್ಲ, ಸಂತೆಗೆ ಹೊಡೆಯಲ್ಲ. ವರ್ಷಕ್ಕೆ 500 ಮಿಲಿಮೀಟರ್ ಮಳೆಯೂ ನೆಟ್ಟಗೆ ಬೀಳದ ಸೀಮೆ ಅದು. ಅಲ್ಲಿ ಇಷ್ಟು ದನ ಸಾಕೋದು ಬರೀ ಹರಕೆಗಾ?

ಹಟ್ಟಿಹೈದ: ಹರಕೆಯೂ ಹೌದು. ಆದರೆ ದೇವರ ಹೆಸರಲ್ಲಿದೆ ಅಂದರೆ ಯಾರ ಮನೆಯದ್ದೂ ಅಲ್ಲ ಅಂತ ಅರ್ಥ ಅಲ್ವಾ? ಅಣ್ಣತಮ್ಮಂದಿರು ಬೇರೆಯಾದರೂ ಹಿಂಡು ಒಡೆಯಲ್ಲ, ಕೈ ಬಿಗಿಯಾದಾಗ ಒಂದನ್ನು ಮಾರಿಬಿಡೋಣ ಅನ್ನೋ ಮಾತೇ ಬರಲ್ಲ. ನೋಡಿಕೊಳ್ಳೋಕೆ ಕಿಲಾರಿ ಇರುತ್ತಾನೆ. ಬೆಳಿಗ್ಗೆ ದನ ಕೂಡುವ ರೊಪ್ಪಕ್ಕೆ ಅಡ್ಡ ಇಟ್ಟ ಮುಳ್ಳುಕಂಪೆ ಸರಿಸಿ ಹಿಂಡಿನ ಹಿಂದೆ ಹೊರಟರೆ ಯಾವುದು ಕುಂಟುತ್ತಿದೆ, ಯಾವುದು ಮೇವು ಬಿಟ್ಟಿದೆ ಅಂತ ನಡಿಗೆ ನೋಡಿಯೇ ಹೇಳುತ್ತಾನೆ. ಎತ್ತು ಸತ್ತರೆ ಮಣ್ಣು ಮಾಡುತ್ತಾರೆ.

ಗಣೆದನಿ: ಇದೇ ಸೀಮೆಯಲ್ಲಿ ದನ ಕಾಯುವ ಕಾಡುಗೊಲ್ಲರೂ ಇದ್ದಾರೆ, ಅವರನ್ನೂ ಮ್ಯಾಸನಾಯಕರನ್ನೂ ಒಂದೇ ಮಾಡಬೇಡಿ. ಗೊಲ್ಲರ ದನಗಾಹಿ ವೀರ ಜುಂಜಪ್ಪ, ಮ್ಯಾಸರಿಗೆ ಗಾದ್ರಿ ಪಾಲನಾಯಕ. ಜುಂಜಪ್ಪನ ಕಥೆಗೆ ಗಣೆ ಬೇಕೇ ಬೇಕು. ಅದು ಉದ್ದನೆಯ ಬಿದಿರಿನ ಕೊಳಲು. ಊದಿ ಒಂದು ಸಾಲು ಹಾಡಿ, ಮತ್ತೆ ಊದುತ್ತಾರೆ. ರಾತ್ರಿಯೆಲ್ಲ ನಡೆಯುತ್ತೆ.

ಕಾವಲುಗಾರ: ಬರ ಈ ದನಗಾಹಿಗಳಿಗೆ ಹೊಸದಲ್ಲ. ಮೇವು ಮುಗಿದರೆ ದನ ಹೊಡೆದುಕೊಂಡು ಬೇರೆ ಸೀಮೆಗೆ ಹೋಗುತ್ತಿದ್ದರು. ಈಗ ಹೊಡೆತ ಬಿದ್ದಿರೋದು ಕಾವಲಿಗೆ, ಅಂದರೆ ದನಕ್ಕೆ ಅಂತ ಬಿಟ್ಟ ಹುಲ್ಲುಗಾವಲಿಗೆ. ಮೈಸೂರು ಅರಸರ ದನ ಸಾಕುವ ಇಲಾಖೆ ಬೆಣ್ಣೆ ಚಾವಡಿಗೆ ಟಿಪ್ಪು ಅಮೃತ ಮಹಲ್ ಅಂತ ಹೆಸರಿಟ್ಟ, ಸೈನ್ಯದ ಫಿರಂಗಿ ಎಳೆದದ್ದು ಆ ಇಲಾಖೆಯ ದನಗಳೇ. ಆ ದನಕ್ಕೆ ಅಂತ ಬಿಟ್ಟ ಕಾವಲುಗಳಲ್ಲಿ ಸುತ್ತಲಿನ ಹಳ್ಳಿಯವರೂ ಮೇಯಿಸಿಕೊಂಡು ಬಂದರು. 2010ರ ಆಸುಪಾಸಿನಲ್ಲಿ ಚಳ್ಳಕೆರೆಯ ಕುದಾಪುರ, ವರವು, ಉಳ್ಳಾರ್ತಿ ಕಾವಲುಗಳ ಸಾವಿರಾರು ಎಕರೆ ಡಿಆರ್‌ಡಿಒ, ಐಐಎಸ್‌ಸಿ, ಇಸ್ರೋ, ಬಿಎಆರ್‌ಸಿ ಅನ್ನೋ ವಿಜ್ಞಾನ, ರಕ್ಷಣಾ ಸಂಸ್ಥೆಗಳ ಪಾಲಾಯಿತು. ಕಾಂಪೌಂಡ್ ಎದ್ದಿತು. ವಿಜ್ಞಾನ ಬೇಡ ಅಂತ ಯಾರೂ ಹೇಳುತ್ತಿಲ್ಲ, ಆದರೆ ಹುಲ್ಲುಗಾವಲನ್ನು ಕಾಗದದಲ್ಲಿ ಬೀಳು ಜಮೀನು ಅಂದುಕೊಂಡು ಬಿಟ್ಟಿದ್ದು ನನಗಂತೂ ಒಪ್ಪಿಗೆಯಿಲ್ಲ.

ಜಾಲಿಮರ: ಬರಗಾಲದಲ್ಲಿ ಸರ್ಕಾರ ಗೋಶಾಲೆ ತೆರೆಯುತ್ತಲ್ಲ, ಅದು ಸಾಲಲ್ವಾ?

ಹಟ್ಟಿಹೈದ: ಎರಡು ಮೂರು ತಿಂಗಳು ಜೀವ ಉಳಿಯುತ್ತೆ, ಅಷ್ಟೇ. ಇವು ಹಗ್ಗ ಕಾಣದ ದನ, ಗೊಂತಿನಲ್ಲಿ ಕಟ್ಟಿದರೆ ಹಾಕಿದ ಮೇವನ್ನೂ ತುಳಿದು ಹಾಕುತ್ತವೆ. ಬಯಲು ಬಿಟ್ಟುಕೊಡಿ ಸಾಕು, ಮೇವಿನ ಲಾರಿ ಜಾಸ್ತಿ ಬೇಕಾಗಲ್ಲ.